ಮೈಕಕ್ಕನ ಗಾಡಿಯ ಮುಂಗಾಲು

ಹೆಗಲಿನ ಮೂಳೆ ಮುರಿದುಕೊಂಡು, ಕೈಯನ್ನು ಕೊರಳಪಟ್ಟಿಯಲ್ಲಿ ತೂಗಿಸಿಕೊಂಡು ಮೈಕಕ್ಕ ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಅವಳ ಮೋಟಾರ್ ಸೈಕಲ್ಲು ಅರ್ಧ ಮಾರಾಟವಾಗಿತ್ತು. ಮೈದುನ ಅದನ್ನು ಅಂಗಡಿಯ ಮುಂದೆ ನಿಲ್ಲಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಹ್ಯಾಂಡಲ್ ಹಿಡಿದು ನಿಂತಿದ್ದ. ಆ ಕಡೆ ಒಬ್ಬ ಹೋಟೆಲ್ ಮಾಲೀಕ ಪೆಟ್ರೋಲ್ ಟ್ಯಾಂಕನ್ನು ಬೆರಳಲ್ಲಿ ಬಡಿದು ಕುಂಬಳಕಾಯಿ ಆರಿಸುವವನಂತೆ ಕಿವಿಗೊಟ್ಟು ಕೇಳುತ್ತಿದ್ದ.

"ಇದನ್ನ ತಗೊಂಡ್ಹೋಗಿ ಎಲ್ಲಿ ಇಡ್ತೀರಿ?" ಮೈಕಕ್ಕ ಕೇಳಿದಳು.

"ಹೋಟೆಲ್ ಬಾಗಿಲಲ್ಲೇ ಅಮ್ಮ. ಬರೋರಿಗೆಲ್ಲ ಕಾಣೋ ಹಾಗೆ. ಕೆಳಗೊಂದು ಕಟ್ಟೆ, ಮೇಲೊಂದು ದೀಪ."

"ಎಂಜಿನ್ನು?"

"ಎಂಜಿನ್ ಯಾಕೆ ಬೇಕು? ಆಯಿಲ್ ಸುರಿದು ನೆಲ ಹಾಳಾಗುತ್ತೆ. ತೆಗೆಸಿಬಿಡ್ತೀನಿ."

"ಹಂಗಾದ್ರೆ ನನ್ನನ್ನೂ ತಗೊಂಡ್ಹೋಗಿ. ಕರುಳು ತೆಗೆಸಿ ಪಕ್ಕದಲ್ಲಿ ನಿಲ್ಲಿಸ್ಕೊಳ್ಳಿ."

ಹೋಟೆಲ್ ಮಾಲೀಕ ನಕ್ಕ. ಅವಳು ನಗಲಿಲ್ಲ. ಆತ ನಗುವನ್ನು ಅರ್ಧಕ್ಕೇ ನುಂಗಿಕೊಂಡು, ಆಮೇಲೆ ಬರುತ್ತೇನೆಂದು ಹೊರಟುಹೋದ.

ಮೈದುನನದು ಸಿಟ್ಟಲ್ಲ, ಕಾಳಜಿ. ಅದೇ ತೊಂದರೆ. ಸಿಟ್ಟಾಗಿದ್ದರೆ ಮೈಕಕ್ಕ ಒಂದೇ ಮಾತಿಗೆ ಮುಗಿಸುತ್ತಿದ್ದಳು. "ಅತ್ತಿಗೆ, ನಿಮಗೆ ಅರವತ್ತು ದಾಟ್ತು. ಇಳಿಜಾರಲ್ಲಿ ಬಿದ್ರಲ್ಲ, ಹಿಂದೆ ಒಂದು ಲಾರಿ ಬಂದಿದ್ರೆ?"

"ಬರ್ಲಿಲ್ವಲ್ಲ."

"ಬಂದಿದ್ರೆ ಅಂತ."

"ಬಂದಿದ್ರೆ ಇವತ್ತು ನೀನು ಯಾರನ್ನೂ ಕೇಳದೆ ಮಾರ್ಕೊಂಡಿರ್ತಿದ್ದೆ. ಈಗ ಕೇಳಬೇಕಾಗಿದೆ. ನಾನು ಆಗಲ್ಲ ಅಂತಿದೀನಿ."

ಗಂಡ ಬಾಗಿಲಲ್ಲಿ ನಿಂತು ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದ. ಕ್ಷೌರದ ಅಂಗಡಿಯಲ್ಲಿ ಅರ್ಧ ಆಯಸ್ಸು ಕಳೆದ ಮನುಷ್ಯ. ಇನ್ನೊಬ್ಬರ ಗಂಟಲ ಮೇಲೆ ಹೆದರದೆ ಕತ್ತಿ ಆಡಿಸುವವನು ಹೆಂಡತಿಯ ಎದುರು ಮಾತ್ರ ತಲೆ ಎತ್ತುತ್ತಿರಲಿಲ್ಲ. "ನೀವೇನಂತೀರಿ?" ಎಂದು ಅವಳು ಕೇಳಿದಾಗ, "ಮಾರಿದ್ರೆ ಒಳ್ಳೇದೇನೋ ಅಂತ…" ಎಂದು ಅವನು ಗೋಡೆಗೆ ಹೇಳಿದ.

ಮೈಕಕ್ಕ ಅಂಗಡಿಯ ಮೆಟ್ಟಿಲ ಮೇಲೆ ಕೂತಳು. "ಕೇಳಿ ಇಬ್ರೂ. ಬಿದ್ದಿದ್ದು ನನ್ನಿಂದಲ್ಲ, ಗಾಡಿ ಮುಂದಿನ ಶಾಕ್ ಅಬ್ಸಾರ್ಬರ್‌ನಿಂದ. ಅದನ್ನ ಸರಿ ಮಾಡಿಸ್ತೀನಿ. ಅದೇ ಇಳಿಜಾರಲ್ಲಿ, ಅದೇ ತಿರುವಲ್ಲಿ, ಹಗಲು ಹೊತ್ತಲ್ಲೇ ನಿಮ್ಮೆದುರಿಗೆ ಇಳೀತೀನಿ. ಬೀಳೋದಿರ್ಲಿ, ಕಾಲು ನೆಲಕ್ಕೆ ತಾಗಿದ್ರೂ ಗಾಡಿ ನಿಂದು. ಕರುಳು ತೆಗೆಸ್ಕೋ."

ಮೈದುನ ಒಪ್ಪಿಕೊಂಡ. ಅತ್ತಿಗೆಯ ಮೂಳೆ ಕೂಡುವಷ್ಟರಲ್ಲಿ ಹಟವೂ ಆರುತ್ತದೆ ಅಂತ ಅವನ ಲೆಕ್ಕ. ಅವಳ ಮೈದುನನಾಗಿ ಅಷ್ಟು ವರ್ಷವಾದರೂ ಅವನಿಗೆ ಅವಳ ಗುರುತೇ ಸಿಕ್ಕಿರಲಿಲ್ಲ.

ಅವಳ ಕಸುಬು ಮೈಕ್‌ಸೆಟ್ ಬಾಡಿಗೆಗೆ ಕೊಡುವುದು. ಒಂದು ಕೋಣೆಯ ಅಂಗಡಿ. ಗೋಡೆ ತುಂಬ ತಗಡಿನ ಹಾರ್ನುಗಳು, ಸುರುಳಿ ಸುತ್ತಿದ ವೈರು, ಮೂಲೆಯಲ್ಲಿ ಆಸಿಡ್ ವಾಸನೆಯ ಬ್ಯಾಟರಿಗಳು. ಮದುವೆಯಾದ ಹೊಸದರಲ್ಲಿ ಮೈಕು ಸಾಗಿಸಲು ಬೇರೆಯವರ ಗಾಡಿಗೆ ಕಾದು ಕಾದು ಬೇಸತ್ತು, ಪಕ್ಕಕ್ಕೆ ತೊಟ್ಟಿಯಂಥ ಸೈಡ್‌ಕಾರ್ ಇದ್ದ ಈ ಹಳೆಯ ಮೋಟಾರ್ ಸೈಕಲ್ಲನ್ನು ಅವಳೇ ಹುಡುಕಿ ತಂದಳು. ಗಂಡನಿಗೆ ಗಂಟಲಿತ್ತು, ಹೆಂಡತಿಗೆ ಗೇರು ಹಾಕುವ ಗುಂಡಿಗೆ ಇತ್ತು. ಸೈಡ್‌ಕಾರಿನಲ್ಲಿ ಬ್ಯಾಟರಿ, ಆಂಪ್ಲಿಫೈಯರು, ಎರಡು ಹಾರ್ನು, ಅವುಗಳ ನಡುವೆ ತೊಡೆ ಒತ್ತಿಕೊಂಡು ಕೂತ ಗಂಡ. ಅವಳು ಓಡಿಸುತ್ತಿದ್ದಳು, ಅವನು ಕೂಗುತ್ತಿದ್ದ. ಊರಿನ ಕಾರ್ಮಿಕರ ಸಭೆ, ಬಾಡಿಗೆದಾರರ ಮೆರವಣಿಗೆ, ದಾದಿಯರ ಧರಣಿ, ಯಾವುದಕ್ಕೂ ಮೊದಲು ಬರುತ್ತಿದ್ದುದು ಈ ಗಾಡಿಯ ಗುಡುಗುಡು. ಮಾಲೀಕರ ಕಡೆಯವರು ಮೈಕು ಕೇಳಲು ಬಂದರೆ ಮಾತ್ರ ಅವಳ ಮೈಕು ಕೆಟ್ಟಿರುತ್ತಿತ್ತು. ಅವರು ಹೋದ ಮೇಲೆ ತಾನಾಗಿಯೇ ರಿಪೇರಿಯಾಗುತ್ತಿತ್ತು.

ಗಿರಣಿ ಮುಷ್ಕರದ ಕೊನೆಯಲ್ಲಿ ಪೊಲೀಸರು ಗೇಟಿನ ಮುಂದೆ ಸೈಡ್‌ಕಾರನ್ನು ಬೋರಲು ಹಾಕಿ ಲಾಠಿಯಲ್ಲಿ, ಬೂಟಿನಲ್ಲಿ, ಕೊನೆಗೆ ಜೀಪಿನ ಬಂಪರಿನಲ್ಲಿ ಚಚ್ಚಿದರು. ಉಳಿದದ್ದು ಗುಜರಿಗೂ ಆಗುವಂತಿರಲಿಲ್ಲ. ಗಾಡಿ ಮಾತ್ರ ಉಳಿಯಿತು. ಅಂದಿನಿಂದ ಅವಳು ಅದನ್ನು ಒಂಟಿಯಾಗಿ ಓಡಿಸುತ್ತ ಬಂದಳು; ಸಣ್ಣ ಆಂಪ್ಲಿಫೈಯರು ಬೆನ್ನಿಗೆ, ಒಂದು ಹಾರ್ನು ಹಿಂದಿನ ಕ್ಯಾರಿಯರಿಗೆ. ಗಾಡಿ ಹೋದರೆ ಮೈಕು ಹೋಯಿತು. ಮೈಕು ಹೋದರೆ ಅವಳಿಗೆ ಉಳಿಯುವುದು ಅಡುಗೆಮನೆಯ ಕಿಟಕಿ. ಆ ಕಿಟಕಿಯಿಂದ ಕಾಣುವುದು ಎದುರು ಮನೆಯ ನೀರಿನ ಪೈಪು.

ಕೈಪಟ್ಟಿ ಬಿಚ್ಚಿದ ದಿನವೇ ಅವಳು ಡೊಳ್ಳಣ್ಣನ ಗ್ಯಾರೇಜಿಗೆ ಹೋದಳು. ಡೊಳ್ಳಣ್ಣ ಆ ಬೀದಿಯ ಮೆಕ್ಯಾನಿಕ್. ಹೊಟ್ಟೆ ಮೊದಲು ಬಂದು, ಆಮೇಲೆ ಅವನು ಬರುತ್ತಿದ್ದ.

"ಏನಾಯ್ತು ಹೇಳಕ್ಕ, ಸರಿಯಾಗಿ."

"ನೀರಿನ ಟ್ಯಾಂಕಿನ ಇಳಿಜಾರು. ಡಾಂಬರು ಕಿತ್ತು ಕಲ್ಲು ಎದ್ದಿದೆಯಲ್ಲ, ಅಲ್ಲಿ ಬ್ರೇಕ್ ಹಿಡಿದೆ. ಮುಂದೆ ಟಕ್ ಅಂತು. ಹ್ಯಾಂಡಲ್ ಕೈಯಿಂದ ಕಿತ್ಕೊಂಡು ಹೋಯ್ತು."

"ಟಕ್ ಅಂದ್ರೆ ಶಾಕ್ ಪೂರ್ತಿ ಕುಸಿದು ತಳಕ್ಕೆ ಹೊಡೀತು ಅಂತ. ಸ್ಪ್ರಿಂಗ್ ಸತ್ತಿದೆ." ಅವನಿಗೆ ಅನುಮಾನವೇ ಇರಲಿಲ್ಲ. "ನನ್ ಮಾತು ಕೇಳು. ಹೊಸ ಬೈಕಿನ ಮುಂಭಾಗ ಒಂದು ಬಂದಿದೆ, ಡಿಸ್ಕ್ ಬ್ರೇಕ್ ಸಮೇತ. ಹಂಗೇ ಕೂರಿಸಿಬಿಡೋಣ."

ಅವಳು ಆ ಹೊಸ ಮುಂಭಾಗವನ್ನು ಎತ್ತಿ ತನ್ನ ಗಾಡಿಯ ಪಕ್ಕ ಹಿಡಿದು ನೋಡಿದಳು. ಒಂದು ಗೇಣು ಗಿಡ್ಡ. ಇದನ್ನು ಕೂರಿಸಿದರೆ ಗಾಡಿ ನೆಲ ಮೂಸುವ ನಾಯಿಯಂತಾಗುತ್ತದೆ, ತಿರುಗಿಸಿದರೆ ಹೇಳಿದ್ದಕ್ಕಿಂತ ಹೆಚ್ಚು ತಿರುಗುತ್ತದೆ ಎಂದು ಅವಳ ತೋಳಿಗೇ ಗೊತ್ತಾಯಿತು.

"ಇವತ್ತು ಮುಂಭಾಗ ಅಂತೀಯ. ನಾಳೆ ಹಿಂಭಾಗ, ನಾಳಿದ್ದು ಎಂಜಿನ್ನು. ಆಮೇಲೆ ನನ್ನ ಗಾಡಿ ಎಲ್ಲೋಯ್ತು ಅಂತ ನಾನು ಹುಡುಕ್ಕೊಂಡು ಓಡಾಡಬೇಕು. ಗಾಡಿಗೆ ಇದೇ ಮುಂಗಾಲು ಇರಲಿ. ಒಳಗಿಂದು ಬದಲಾಯಿಸು."

"ಹಂಗಾದ್ರೆ ಗಟ್ಟಿ ಸ್ಪ್ರಿಂಗ್ ಹಾಕ್ತೀನಿ. ಬಗ್ಗಲೇಬಾರದು, ಹಂಗೆ."

ಡೊಳ್ಳಣ್ಣನ ಗ್ಯಾರೇಜಿನಲ್ಲಿ ಶಾಕ್ ಅಬ್ಸಾರ್ಬರಿಗೆ ಇದ್ದದ್ದು ಒಂದೇ ಪರೀಕ್ಷೆ. ಅವನು ಮುಂದಿನ ಬ್ರೇಕ್ ಹಿಡಿದು, ಹ್ಯಾಂಡಲ್ಲಿನ ಮೇಲೆ ಎದೆ, ಹೊಟ್ಟೆ ಎಲ್ಲವನ್ನೂ ಹಾಕಿ ಒತ್ತುವುದು. ಅವನ ಭಾರಕ್ಕೂ ಮೂತಿ ತಗ್ಗದಿದ್ದರೆ ಪಾಸು. ಊರಿನಲ್ಲಿ ಓಡುವ ಅರ್ಧ ಬೈಕುಗಳು ಆ ಹೊಟ್ಟೆಯ ಅಳತೆಗೆ ತಯಾರಾದವು. ಓಡಿಸುವವರು ಬಡಕಲಾದರೆ ಅದು ಅವರ ಹಣೆಬರಹ.

ಮೈಕಕ್ಕನಿಗೂ ಆ ಮಾತು ಹಿಡಿಸಿತು, ಅದನ್ನು ಮುಚ್ಚಿಡುವುದು ಬೇಡ. ಬಗ್ಗುವುದಿಲ್ಲ ಎನ್ನುವುದನ್ನೇ ಮೈಕಿನಲ್ಲಿ ಕೂಗಿಸುತ್ತ ಬಾಳಿದವಳಿಗೆ ಬಗ್ಗದ ಶಾಕ್ ಸಿಗುತ್ತದೆ ಅಂದರೆ ಯಾಕೆ ಬೇಡ ಅನ್ನುತ್ತಾಳೆ? ಹಾಕು ಅಂದಳು. ಅವನು ಹಾಕಿದ. ಒತ್ತಿದ. ಪಾಸಾಯಿತು.

ಇಳಿಜಾರಿಗೆ ಹೋಗುವ ಮೊದಲು ಬಸ್ ಡಿಪೋದ ಹಿಂದಿನ ಬೀದಿಯಲ್ಲಿ ಒಂದು ಸುತ್ತು ಹಾಕಿದಳು. ಬಸ್ಸುಗಳು ತುಳಿದು ತುಳಿದು ಹೊಂಡ ಬಿದ್ದ ಬೀದಿ. ಅರ್ಧ ದಾರಿಗೆ ಅವಳ ಬೆರಳುಗಳು ಜೋಮು ಹಿಡಿದವು. ಕೂಡಿದ ಮೂಳೆ ಇಲ್ಲಿದ್ದೇನೆ ಎಂದು ಕೂಗಿ ಹೇಳಿತು. ಬ್ರೇಕ್ ಹಿಡಿದಾಗ ಅದೇ ಟಕ್, ಮೊದಲಿಗಿಂತ ಜೋರಾಗಿ. ಮುಂದಿನ ಚಕ್ರ ಕಲ್ಲಿನಿಂದ ಕಲ್ಲಿಗೆ ಕುಪ್ಪಳಿಸಿ ಗಾಡಿಯನ್ನು ಡಿಪೋದ ಗೋಡೆಯ ಕಡೆ ಒಯ್ದಿತು. ಗೋಡೆಗೆ ಮೊಣಕಾಲು ಉಜ್ಜಿಕೊಂಡು ನಿಂತಳು. ಯಾರೂ ನೋಡಿರಲಿಲ್ಲ. ನೋಡಿದ್ದರೆ ಅಂದೇ ಗಾಡಿ ಹೋಟೆಲಿನ ಕಟ್ಟೆ ಹತ್ತುತ್ತಿತ್ತು.

"ಇನ್ನೂ ಗಟ್ಟಿ ಹಾಕೋಣ," ಅಂದ ಡೊಳ್ಳಣ್ಣ.

"ಇನ್ನೂ ಗಟ್ಟಿ ಅಂದ್ರೆ ಕಬ್ಬಿಣದ ಸಲಾಕೆನೇ ತೂರಿಸಿಬಿಡು. ಸ್ಪ್ರಿಂಗ್ ಅನ್ನೋ ಹೆಸರು ಯಾಕೆ?"

ಡೊಳ್ಳಣ್ಣ ತಲೆ ಕೆರೆದ. "ಶಾಕ್ ಒಳಗಿನ ಬಳೆ, ಬುಷ್, ಸವೆದಿರಬೇಕಕ್ಕ. ಅದು ಲೇತ್ ಮಷೀನಲ್ಲೇ ಆಗಬೇಕು. ಈ ಹಳೇ ಅಳತೆಗೆ ಮಾಡಿಕೊಡೋನು ಊರಲ್ಲಿ ಒಬ್ಬನೇ ಇರೋದು." ಆಮೇಲೆ ಅವಳ ಮುಖ ನೋಡದೆ, "ಯಾರು ಅಂತ ನಿಂಗೇ ಗೊತ್ತು," ಅಂದ.

ಗೊತ್ತಿತ್ತು. ಗಿರಣಿ ಮುಷ್ಕರ ಇನ್ನೂ ನಡೆಯುತ್ತಿರುವಾಗಲೇ ತಲೆ ತಗ್ಗಿಸಿಕೊಂಡು ಗೇಟು ದಾಟಿ ಕೆಲಸಕ್ಕೆ ಹೋದ ಟರ್ನರ್, ಲೇತಿನ ಕೆಲಸಗಾರ. ಅವನು ದಾಟುವಾಗ ಮೈಕು ಅವಳದೇ ಇತ್ತು. ಮೈಕಿನಲ್ಲಿ ಅವನ ಹೆಸರು ಮೂರು ಬೀದಿಗೆ ಕೇಳಿಸಿತ್ತು. ಆಮೇಲೆ ಅವನು ಎದುರು ಬಂದರೆ ಅವಳು ರಸ್ತೆಯ ಆ ಕಡೆಗೆ ದಾಟುತ್ತಿದ್ದಳು. ಒಂದು ರಾತ್ರಿಯೆಲ್ಲ ಹೊರಳಾಡಿ, ಬೆಳಗ್ಗೆ ಗಾಡಿಯನ್ನು ತಳ್ಳಿಕೊಂಡು ಅವನ ಅಂಗಡಿಯ ಮುಂದೆ ನಿಲ್ಲಿಸಿದಳು.

ಟರ್ನರ್ ಲೇತಿನ ಮುಂದೆ ನಿಂತಿದ್ದ. ಕಾಲಡಿ ಕಬ್ಬಿಣದ ಹೊಳೆಯುವ ಸುರುಳಿಗಳು. ಅವಳನ್ನು ಕಂಡವನೇ ಮಷೀನು ಆರಿಸಿದ.

"ಕೆಲಸ ಕೊಡೋಕೆ ಬಂದಿದೀನಿ. ಮಾತಾಡೋಕಲ್ಲ," ಅಂದಳು ಮೈಕಕ್ಕ.

"ಆಯ್ತಕ್ಕ. ಅವತ್ತು ನಾನು ಯಾಕೆ ಹೋದೆ ಅಂದ್ರೆ, ಮನೇಲಿ…"

"ಕಾರಣ ಕೇಳಲಿಲ್ಲ. ನೀನು ಗೇಟು ದಾಟಿದೆ, ದಾಟಿದ್ದೇ. ಬುಷ್ ಮಾಡಿಕೊಡ್ತೀಯಾ ಇಲ್ವಾ?"

"ಮಾಡ್ತೀನಿ. ಮೊದ್ಲು ಗಾಡಿ ಮೇಲೆ ಕೂತ್ಕೊಳ್ಳಿ."

"ಬುಷ್ ಮಾಡೋಕೆ ನಾನ್ಯಾಕೆ ಕೂರಬೇಕು?"

"ಬುಷ್ ಸವೆದಿದ್ರೆ ಗಡಗಡ ಅನ್ನುತ್ತೆ, ಟಕ್ ಅನ್ನಲ್ಲ. ಡೊಳ್ಳಣ್ಣ ಫೋನಲ್ಲಿ ಎಲ್ಲ ಹೇಳಿದಾನೆ. ಕೂತ್ಕೊಳ್ಳಿ."

ಬೈದುಕೊಂಡೇ ಒಪ್ಪಿದಳು. ಮುಂದಿನ ಶಾಕಿನಲ್ಲಿ ಕೆಳಗಿನ ದಪ್ಪ ಕೊಳವೆಯೊಳಗೆ ಮೇಲಿನ ಸಣ್ಣ ಕೊಳವೆ ಹೋಗಿಬರುತ್ತದೆ. ಅವನು ಆ ಸಣ್ಣ ಕೊಳವೆಗೆ, ದಪ್ಪ ಕೊಳವೆಯ ಬಾಯಿಗೆ ತಾಗುವಂತೆ, ಒಂದು ದಾರ ಬಿಗಿದ. ಶಾಕ್ ಎಷ್ಟು ಕುಸಿಯುತ್ತದೋ ಅಷ್ಟು ದಾರ ಮೇಲೆ ಸರಿದು ಅಲ್ಲೇ ಉಳಿಯಬೇಕು. ಅವಳು ಕೂತು ಇಳಿದರೂ ದಾರ ಕದಲಲಿಲ್ಲ.

"ನೀವು ಕೂತಿದ್ದು ಗಾಡಿಗೆ ಗೊತ್ತೇ ಆಗ್ಲಿಲ್ಲ. ಈಗ ಡಿಪೋ ಬೀದೀಲಿ ಒಂದು ಸುತ್ತು ಹೋಗಿಬನ್ನಿ. ಟಕ್ ಅನ್ನೋ ತನಕ."

ಹೋಗಿಬಂದಳು. ಟಕ್ ಅಂದಿತ್ತು, ಒಂದಲ್ಲ, ಹಲವು ಸಲ. ಟರ್ನರ್ ಬಗ್ಗಿ ನೋಡಿದ. ದಾರ ಮೇಲೆ ಸರಿದದ್ದು ಎರಡು ಬೆರಳಿನಷ್ಟು ಮಾತ್ರ.

"ತಳಕ್ಕೆ ಹೊಡೆದಿದ್ರೆ ಈ ದಾರ ಕೊಳವೆ ತುದಿ ತನಕ ಹೋಗಿರಬೇಕಿತ್ತಲ್ವಾ? ಕುಸಿದೇ ಇಲ್ಲ ಇದು. ಕಲ್ಲು ದಾಟಿದ ಮೇಲೆ ಸ್ಪ್ರಿಂಗ್ ಕಾಲನ್ನ ಒದ್ದು ಪೂರ್ತಿ ಹೊರಗೆ ಎಸೀತಿದೆ. ಚಾಚಿ ಚಾಚಿ ಕೊನೇಲಿ ಬಡ್ಕೊಳ್ಳೋ ಸದ್ದು ಅದು. ಆವಾಗ ಚಕ್ರ ನೆಲದ ಮೇಲೇ ಇರಲ್ಲ. ಬ್ರೇಕ್ ಹಿಡಿದು ಏನು ಬಂತು, ಗಾಳಿಗೆ ಬ್ರೇಕ್ ಹಿಡಿದ ಹಾಗೆ."

ಮೈಕಕ್ಕ ದಾರವನ್ನೇ ನೋಡಿದಳು. ಮೆತ್ತಗಾಗಿದೆ ಎಂದು ತಿಳಿದು ಗಟ್ಟಿ ಮಾಡಿಸಿದ್ದಳು. ರೋಗ ಗಟ್ಟಿತನದ್ದೇ ಆಗಿತ್ತು. ಅದನ್ನು ಈ ಮನುಷ್ಯನ ಬಾಯಿಂದ ಕೇಳಬೇಕಾಯಿತಲ್ಲ. ಆದರೆ ದಾರಕ್ಕೆ ಯಾರ ಪಕ್ಷವೂ ಇರಲಿಲ್ಲ.

"ಬಿಚ್ಚು," ಅಂದಳು.

ಮೇಲಿನ ಮುಚ್ಚಳ ತಿರುಗಿಸಿದಾಗ ಸ್ಪ್ರಿಂಗಿಗೂ ಮೊದಲು ಒಂದು ಪೈಪಿನ ತುಂಡು ಹೊರಬಂತು. ಇನ್ನೊಂದು ಕಾಲಿನಿಂದಲೂ ಅಂಥದೇ ತುಂಡು. ಆಯಿಲ್ ಒರೆಸಿದರೆ ಅಡಿಯಲ್ಲಿ ನೀಲಿ ಬಣ್ಣ. ಅವಳದೇ ಅಂಗಡಿಯ, ಹಾರ್ನ್ ನಿಲ್ಲಿಸುವ ಸ್ಟ್ಯಾಂಡಿನ ಪೈಪು. ಸೈಡ್‌ಕಾರು, ಬ್ಯಾಟರಿ, ಗಂಡ ಇಷ್ಟರ ಭಾರಕ್ಕೆ ಮೂತಿ ತಗ್ಗುತ್ತದೆ ಎಂದು ಒಂದು ಮುಷ್ಕರದ ಮುಂಚೆ ಗಂಡಹೆಂಡತಿ ಸೇರಿ ಕೊಯ್ದು, ಸ್ಪ್ರಿಂಗಿನ ಮೇಲೆ ಬಿಗಿಯಾಗಿ ತುರುಕಿದ್ದರು. ಡೊಳ್ಳಣ್ಣ ತೆಗೆದ ಹಳೆಯ ಸ್ಪ್ರಿಂಗೂ ಸೈಡ್‌ಕಾರಿನ ಗಾಡಿಗೆಂದೇ ಮಾಡಿದ ದಪ್ಪ ತಂತಿಯದೇ; ಅವನು ಹಾಕಿದ್ದು ಇನ್ನೂ ದಪ್ಪ. ಸೈಡ್‌ಕಾರು ಜೀಪಿಗೆ ಸಿಕ್ಕಿ ಹಪ್ಪಳವಾಯಿತು, ಒಳಗಿನ ಪೈಪು ಅಲ್ಲೇ ಉಳಿಯಿತು. ಅವಳು ಅಷ್ಟು ವರ್ಷ ಇಲ್ಲದ ಭಾರವನ್ನು ಹೊರುವ ಕಾಲಿನ ಮೇಲೆ ಕೂತು ಓಡಾಡಿದ್ದಳು.

ಡೊಳ್ಳಣ್ಣನನ್ನು ಕರೆದು ಕೇಳಿದರೆ, "ನೋಡಿದೆನಲ್ಲಕ್ಕ. ಕಂಪನಿಯವರೇ ಹಾಕಿದ್ದು ಅಂದ್ಕೊಂಡೆ. ಚೆನ್ನಾಗಿ ಒರೆಸಿ ವಾಪಸ್ ಹಾಕ್ದೆ," ಅಂದ.

ಹಳೆಯ ಬಿಡಿಭಾಗಗಳ ಅಂಗಡಿಯಲ್ಲಿ ಒಂದು ಮಧ್ಯಾಹ್ನ ಕೆದಕಿದ ಮೇಲೆ ಎರಡು ಜೊತೆ ಸ್ಪ್ರಿಂಗ್ ಸಿಕ್ಕವು. ಒಂದು, ಸೈಡ್‌ಕಾರಿಲ್ಲದ ಅದೇ ಗಾಡಿಯದು. ಇನ್ನೊಂದು ಅದಕ್ಕಿಂತ ಹಗುರ ಬೈಕಿನದು, ತಂತಿ ಇನ್ನೂ ಸಪೂರ. ಟರ್ನರ್ ಹಗುರದ್ದನ್ನೇ ಎತ್ತಿಕೊಂಡ. "ನಿಮ್ಮ ತೂಕಕ್ಕೆ ಇದು ಸಾಕು. ಹಾಸಿಗೆ ಹಂಗಿರುತ್ತೆ."

ಹಾಸಿಗೆಯಂತೆಯೇ ಇತ್ತು. ಹೊಂಡಗಳು ಗೊತ್ತೇ ಆಗಲಿಲ್ಲ, ಕೈ ಜೋಮು ಹಿಡಿಯಲಿಲ್ಲ. ಆದರೆ ಬ್ರೇಕ್ ಹಿಡಿದ ಕೂಡಲೇ ಮೂತಿ ಮುಗ್ಗರಿಸಿ ಇಳಿಯಿತು. ದಾರ ತುದಿ ಮುಟ್ಟುವಷ್ಟು ಮೇಲಿತ್ತು.

"ಇದು ಬೇಡ. ಆ ಇನ್ನೊಂದು ಹಾಕು."

"ಅಕ್ಕ, ಮೆತ್ತಗಿದ್ರೆ ನಿಮ್ಮ ಹೆಗಲಿಗೇ ಒಳ್ಳೇದು. ಒಂಚೂರು ಬಗ್ಗಿದ್ರೇನೀಗ?"

"ಬಗ್ಗಲಿ. ಎಷ್ಟು ಬಗ್ಗಬೇಕು ಅಂತ ನಾನು ಹೇಳ್ತೀನಿ, ನೀನಲ್ಲ."

ಹಾಗೆ ಆ ಕೆಲಸ ಕೂತಿತು. ಸೈಡ್‌ಕಾರಿಲ್ಲದ ಗಾಡಿಯ ಸ್ಪ್ರಿಂಗ್, ಅದರ ಮೇಲೆ ಹೆಬ್ಬೆರಳಿನಷ್ಟು ಮಾತ್ರ ಪೈಪು. ಅವಳು ಕೂತರೆ ಪೂರ್ತಿ ಕುಸಿತದ ನಾಲ್ಕನೇ ಒಂದು ಭಾಗ ಕುಸಿಯಬೇಕು, ಉಳಿದದ್ದು ರಸ್ತೆಯ ಹೊಂಡಗಳಿಗೆ. ಕುಸಿದ ಕಾಲು ಒದೆಯದೆ ನಿಧಾನ ಮೇಲೆ ಬರಲೆಂದು ಒಳಗೆ ದಪ್ಪ ಆಯಿಲ್. ಮೊದಲ ಆಯಿಲ್ ತೆಳುವಾಯಿತು, ಟಕ್ ಸಣ್ಣಗೆ ಉಳಿಯಿತು. ಎರಡನೆಯದು ಅತಿ ದಪ್ಪ, ಸಾಲು ಹೊಂಡಗಳಲ್ಲಿ ಕಾಲು ಮೇಲೆ ಬರುವುದನ್ನೇ ಮರೆತು ಕೂತಿತು. ಎರಡನ್ನೂ ಬೆರೆಸಿ ಹಾಕಿಸಿದಳು. ಬುಷ್ ಕೂಡ ಹೊಸದಾಯಿತು, ಆಯಿಲ್ ಸೋರದಂತೆ ತಡೆಯುವ ಸೀಲೂ ಹೊಸದು. ಪ್ರತಿ ಸಲವೂ ಡಿಪೋ ಬೀದಿ, ಪ್ರತಿ ಸಲವೂ ದಾರ. ಬಸ್ ತೊಳೆಯುವವರು ಅವಳು ಬಂದರೆ ಬಕೆಟ್ಟು ಪಕ್ಕಕ್ಕೆ ಸರಿಸಿ ದಾರಿ ಬಿಡುವುದನ್ನು ರೂಢಿ ಮಾಡಿಕೊಂಡರು.

ಕೂಲಿ ಕೊಟ್ಟು ಹೊರಡುವಾಗ ಟರ್ನರ್ ಕೈ ಒರೆಸಿಕೊಳ್ಳುತ್ತ ಕೇಳಿದ, "ಇನ್ಮೇಲೆ ದಾರೀಲಿ ಸಿಕ್ಕರೆ ಮಾತಾಡಿಸ್ತೀರಾ?"

ಮೈಕಕ್ಕ ಕಿಕ್ ಹೊಡೆಯುವ ಮೊದಲು ಸ್ವಲ್ಪ ಯೋಚಿಸಿದಳು. "ಶಾಕ್ ವಿಷಯ ಆದ್ರೆ ಮಾತಾಡ್ತೀನಿ."

ಇಳಿಜಾರಿನ ದಿನ ಮೈದುನ ಸಾಮಾನು ಹೇರುವ ಒಂದು ಪುಟ್ಟ ಗೂಡ್ಸ್ ಗಾಡಿ ಸಮೇತ ಬಂದಿದ್ದ. ಅದರಲ್ಲಿ ದಪ್ಪ ಹಗ್ಗದ ಸುರುಳಿ. ಮುಂದಿನ ಸೀಟಿನಲ್ಲಿ ಹೋಟೆಲ್ ಮಾಲೀಕ. ಇಬ್ಬರೂ ತಿರುವಿನ ಆಚೆ, ಅವಳು ಬಿದ್ದ ಜಾಗ ಕಾಣುವ ಹಾಗೆ ನಿಂತರು. ಗಂಡ ಚರಂಡಿಯ ಕಟ್ಟೆಯ ಮೇಲೆ ಕೂತ. ಡೊಳ್ಳಣ್ಣ ಬಂದು ಎಲ್ಲರಿಗಿಂತ ಹೆಚ್ಚು ಜಾಗ ಹಿಡಿದ.

ಮೈಕಕ್ಕ ನೀರಿನ ಟ್ಯಾಂಕಿನ ಬುಡದಲ್ಲಿ ಗಾಡಿ ತಿರುಗಿಸಿದಳು. ಕೆಳಗೆ ಗೂಡ್ಸ್ ಗಾಡಿ ಕಾಣುತ್ತಿತ್ತು. ಹಗ್ಗವೂ ಕಂಡಿತು. ಹೆಣ ಎತ್ತಲು ಬಂದವರ ಹಾಗೆ ತಯಾರಾಗಿ ಬಂದಿದ್ದಾರಲ್ಲ ಎಂದುಕೊಂಡು, ಇಟ್ಟ ಗೇರಿಗಿಂತ ಒಂದು ಮೇಲಿನ ಗೇರು ಹಾಕಿದಳು.

ಕಲ್ಲು ಎದ್ದ ಜಾಗ ಬಂತು. ಹ್ಯಾಂಡಲ್ ಅಲುಗಿತು, ಆದರೆ ಹೊಡೆಯಲಿಲ್ಲ. ಕಲ್ಲುಗಳ ಉಬ್ಬು ಅಂಗೈಗೆ ಬಂದು ಮೊಣಕೈಗೆ ಹೋಗುವಷ್ಟರಲ್ಲಿ ಕರಗುತ್ತಿತ್ತು. ತಿರುವಿನ ಬಾಯಿಗೆ ಬಂದಾಗ ಎದುರಿನಿಂದ ಡಿಪೋ ಬಸ್ಸೊಂದು ಅರ್ಧ ರಸ್ತೆ ನುಂಗಿಕೊಂಡು ಹತ್ತಿ ಬಂತು. ಅದನ್ನು ಯಾರೂ ಏರ್ಪಾಡು ಮಾಡಿರಲಿಲ್ಲ. ಬ್ರೇಕ್ ಹಿಡಿಯಲೇಬೇಕು, ಅದೇ ಕಲ್ಲಿನ ಮೇಲೆ. ಹಿಡಿದಳು. ಮೂತಿ ತಗ್ಗಿತು, ಅವಳು ಹೇಳಿದಷ್ಟೇ ತಗ್ಗಿತು. ಅಲ್ಲಿಗೆ ತಡೆದು ನಿಂತಿತು. ಚಕ್ರ ಕಲ್ಲು ಹತ್ತಿತು, ಕಲ್ಲು ಇಳಿಯಿತು, ನೆಲ ಬಿಡಲಿಲ್ಲ. ಎಡಗಾಲು ತಾನಾಗಿಯೇ ನೆಲದ ಕಡೆ ಹೊರಟಿತ್ತು. ಅದನ್ನು ಬೈದು ವಾಪಸ್ ಫುಟ್‌ರೆಸ್ಟಿನ ಮೇಲೆ ಇಟ್ಟಳು. ಬಸ್ಸಿನ ಬದಿಗೂ ಅವಳ ಮೊಣಕಾಲಿಗೂ ನಡುವೆ ಒಂದು ಬಕೆಟ್ಟು ಹಿಡಿಯುವಷ್ಟು ಜಾಗ ಉಳಿಯಿತು. ದಾಟಿ, ತಿರುವು ತಿರುಗಿ, ಗೂಡ್ಸ್ ಗಾಡಿಯ ಮೂತಿಗೆ ಮೂತಿ ಕೊಟ್ಟು ನಿಲ್ಲಿಸಿದಳು.

ಮೈದುನ ಹಿಂತಿರುಗಿ, ಏರು ಹತ್ತುತ್ತಿದ್ದ ಬಸ್ಸನ್ನು ನೋಡಿದ.

"ಬಸ್ಸು ನಿಧಾನ ಇತ್ತು," ಅಂದ. "ಅತ್ತಿಗೆ, ಒಂದು ಸಲ ಸರಿಹೋಯ್ತು ಅಂದ್ರೆ…"

"ಒಂದು ಸಲ ಸಾಲದಾ? ದಿನಾ ಬಾ. ಬಸ್ ತೊಳೆಯೋರು ಡಿಪೋ ಗೇಟಲ್ಲಿ ಧರಣಿ ಕೂರ್ತಿದಾರೆ, ಮೈಕು ನಂದೇ. ದಿನಾ ಎರಡು ಹೊತ್ತು ಇಲ್ಲೇ ಇಳೀತೀನಿ. ನಿಂತ್ಕೊಂಡು ನೋಡು. ಬೇಕಾದ್ರೆ ಕುರ್ಚಿ ಹಾಕ್ಕೋ."

ಹೋಟೆಲ್ ಮಾಲೀಕ ಕೆಳಗಿಳಿದು, ಬೇಡಿಕೆ ಇನ್ನೂ ಹಾಗೇ ಇದೆ, ಎಂದಾದರೂ ಮನಸ್ಸು ಬದಲಾದರೆ ಎಂದು ಶುರುಮಾಡಿದ. ಅವಳು ಅವನ ಮಾತು ಮುಗಿಯುವ ತನಕ ಆಕ್ಸಿಲರೇಟರ್ ತಿರುಗಿಸಿ ಹಿಡಿದಳು. ಅವನ ತುಟಿ ಆಡಿದ್ದು ಕಂಡಿತು, ಮಾತು ಯಾರಿಗೂ ಕೇಳಲಿಲ್ಲ.

ಡೊಳ್ಳಣ್ಣ ಮುಂದೆ ಬಂದು ಅಭ್ಯಾಸಬಲದಿಂದ ಹ್ಯಾಂಡಲ್ಲಿನ ಮೇಲೆ ಹೊಟ್ಟೆ ಇಡಲು ಹೋದ. "ಮುಟ್ಟಿದ್ರೆ ಕೈ ಮುರೀತೀನಿ," ಅಂದಳು. ಅವನು ಹೊಟ್ಟೆ ಹಿಂದಕ್ಕೆಳೆದುಕೊಂಡ.

ಅಷ್ಟರಲ್ಲಿ ಗಂಡ ಚರಂಡಿ ಕಟ್ಟೆಯಿಂದ ಎದ್ದು ಬಂದಿದ್ದ. ಮಾರೋಣ ಎಂದಿದ್ದವನು ಇವನೇ. ಪ್ಯಾಂಟು ಮೇಲೆಳೆದುಕೊಂಡು, ಹಿಂದಿನ ಸೀಟಿನ ಮೇಲೆ ಒಂದು ಕಾಲು ದಾಟಿಸಿದ.

"ಇಳೀರಿ."

"ಯಾಕೇ? ಮನೆಗಲ್ವಾ ಹೋಗೋದು?"

"ಇದು ನನ್ನೊಬ್ಬಳ ತೂಕಕ್ಕೆ ಕೂರಿಸಿದ್ದು. ನೀವು ಹಿಂದೆ ಕೂತ್ರೆ ಮುಂದೆ ಹಗುರಾಗುತ್ತೆ."

"ಮತ್ತೆ ನಾನು ಹೆಂಗೆ ಬರ್ಲಿ?"

"ಗೂಡ್ಸ್ ಗಾಡಿ ಖಾಲಿ ಹೋಗ್ತಿದೆಯಲ್ಲ," ಅಂದಳು ಮೈಕಕ್ಕ. "ಹಗ್ಗಾನೂ ತಂದಿದಾರೆ. ಭದ್ರವಾಗಿ ಕಟ್ಟಿಸ್ಕೊಳ್ಳಿ."

ಕ್ಲಚ್ ಬಿಟ್ಟು ಗಾಡಿಯನ್ನು ಡಿಪೋದ ಕಡೆ ತಿರುಗಿಸಿದಳು.